ಎರಡು ನೆಟ್ ಕನೆಕ್ಷನ್ ಇದ್ದರೂ ಕೆಲಸ ಯಾಕೆ ನಿಲ್ಲುತ್ತದೆ?

ಕೋಲಾರದ ಎಪಿಎಂಸಿ ಯಾರ್ಡ್‌ನಲ್ಲಿ ಟೊಮೆಟೊ ಸೀಸನ್ ಶುರುವಾದರೆ ಯಾರಿಗೂ ನಿಂತು ಮಾತಾಡಲು ಪುರುಸೊತ್ತು ಇರುವುದಿಲ್ಲ. 15 ಕೆ.ಜಿ. ಬಾಕ್ಸ್‌ಗಳು ಸಾಲುಸಾಲಾಗಿ ಇಳಿಯುತ್ತವೆ, ಹರಾಜು ನಡೆಯುತ್ತದೆ, ಲಾರಿ ತುಂಬುತ್ತದೆ. ಇದರ ಜೊತೆಗೆ ಈಗ ಮಂಡಿಯ ಮೂಲೆಯಲ್ಲಿರುವ ಕಂಪ್ಯೂಟರ್ ಕೂಡ ಓಡುತ್ತಿರಬೇಕು. ರೈತರ ಬಿಲ್ ಅದರಲ್ಲೇ, ಖಾತೆಗೆ ಹಣ ಹಾಕುವುದು ಅದರಲ್ಲೇ, ದೂರದ ಊರಿನ ಖರೀದಿದಾರರಿಗೆ ಮಾಲಿನ ಫೋಟೋ ಹೋಗುವುದೂ ಅದೇ ನೆಟ್‌ನಲ್ಲಿ. ಅರ್ಧ ಗಂಟೆ ನೆಟ್ ಇಲ್ಲ ಅಂದರೆ ಬಾಡಿಗೆ ಗಾಡಿಯಲ್ಲಿ ಮಾಲು ತಂದ ರೈತ ಬಿಲ್ ಸಿಗದೆ ಅಲ್ಲೇ ಕೂರಬೇಕು.

ಮಂಡಿ ಒಂದೇ ಅಲ್ಲ. ಮಾಲೂರಿನ ಮೆಡಿಕಲ್ ಸ್ಟೋರ್, ಶ್ರೀನಿವಾಸಪುರದ ಮಾವಿನ ವ್ಯಾಪಾರಿ, ಬಂಗಾರಪೇಟೆಯ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು, ಎಲ್ಲರಿಗೂ ನೆಟ್ ಈಗ ಕರೆಂಟ್‌ನಷ್ಟೇ ಬೇಕು. ರಸ್ತೆ ಅಗೆಯುವ ಜೆಸಿಬಿ ಯಾವತ್ತು ಕೇಬಲ್ ಕಿತ್ತು ಹಾಕುತ್ತದೋ ಹೇಳಲಾಗುವುದಿಲ್ಲ. ಹಾಗಾಗಿ ಎಷ್ಟೋ ಮಂದಿ ಎರಡನೇ ಕನೆಕ್ಷನ್ ಹಾಕಿಸಿದ್ದಾರೆ. ಆಮೇಲೂ ಒಂದು ದಿನ ಎಲ್ಲ ನಿಂತುಹೋಗುತ್ತದೆ. ‘ಎರಡಿದೆಯಲ್ಲ, ಮತ್ಯಾಕೆ ನಿಂತಿತು?’ ಅಂತ ಕೇಳುತ್ತಾರೆ.

ನ್ಯಾಯವಾದ ಪ್ರಶ್ನೆ. ಎರಡನೇ ಕನೆಕ್ಷನ್‌ಗೆ ದುಡ್ಡು ಕಟ್ಟುವುದು ಒಂದು, ಅದು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುವಂತೆ ಜೋಡಿಸುವುದು ಇನ್ನೊಂದು. ಎರಡೂ ಲೈನ್ ಒಂದೇ ಕಾರಣಕ್ಕೆ ಬೀಳಬಾರದು. ಒಂದು ಬಿದ್ದದ್ದು ಯಾವುದೋ ಡಬ್ಬಿಗೆ ತಾನಾಗಿ ಗೊತ್ತಾಗಬೇಕು. ಗೊತ್ತಾದ ಮೇಲೆ ಅದು ಯಾರನ್ನೂ ಕೇಳದೆ ಇನ್ನೊಂದಕ್ಕೆ ಹೊರಳಬೇಕು. ಇದರಲ್ಲಿ ಯಾವುದು ತಪ್ಪಿದರೂ ಎರಡನೇ ಮೋಡೆಮ್ ಸುಮ್ನೆ ದೀಪ ಮಿನುಗಿಸುತ್ತಾ ಕೂರುತ್ತದೆ.

ಮೊದಲು ಡಬ್ಬಿಗಳ ಪರಿಚಯ

ನಾವು ಎಲ್ಲವನ್ನೂ ‘ಮೋಡೆಮ್’ ಅಂತಲೇ ಕರೆಯುತ್ತೇವೆ. ಆದರೆ ಒಳಗೆ ಎರಡು ಬೇರೆ ಕೆಲಸಗಳಿವೆ. ಹೊರಗಿನಿಂದ ಬರುವ ಫೈಬರ್‌ನಲ್ಲಿ ಸಿಗ್ನಲ್ ಬೆಳಕಿನ ರೂಪದಲ್ಲಿರುತ್ತದೆ. ಅದನ್ನು ಕಂಪ್ಯೂಟರ್‌ಗೆ ಅರ್ಥವಾಗುವ ವಿದ್ಯುತ್ ಸಿಗ್ನಲ್ ಮಾಡುವುದು ಮೋಡೆಮ್ ಕೆಲಸ. ಫೈಬರ್ ಕನೆಕ್ಷನ್‌ನಲ್ಲಿ ಈ ಡಬ್ಬಿಗೆ ಒಎನ್‌ಟಿ ಎನ್ನುತ್ತಾರೆ. ಮನೆಯೊಳಗಿನ ಫೋನ್, ಕಂಪ್ಯೂಟರ್, ಪ್ರಿಂಟರ್‌ಗೆಲ್ಲ ವಿಳಾಸ ಹಂಚಿ, ಯಾರ ಮಾಹಿತಿ ಎಲ್ಲಿಗೆ ಹೋಗಬೇಕು ಅಂತ ದಾರಿ ತೋರಿಸುವುದು ರೌಟರ್ ಕೆಲಸ. ಕಂಪನಿಯವರು ಕೊಡುವ ಡಬ್ಬಿಯಲ್ಲಿ ಸಾಮಾನ್ಯವಾಗಿ ಎರಡೂ ಒಂದರಲ್ಲೇ ಇರುತ್ತವೆ, ವೈಫೈ ಕೂಡ ಸೇರಿ.

ನಿಮ್ಮ ಒಎನ್‌ಟಿಯ ಮುಂಭಾಗ ನೋಡಿ. ‘ಪಾನ್’ ಅಂತ ಒಂದು ದೀಪ, ‘ಲಾಸ್’ ಅಂತ ಇನ್ನೊಂದು. ಪಾನ್ ಹಸಿರಾಗಿ ನಿಂತಿದ್ದರೆ ನಿಮ್ಮ ಡಬ್ಬಿಗೂ ಕಂಪನಿಯ ಸಲಕರಣೆಗೂ ಬೆಳಕಿನ ಸಂಪರ್ಕ ಸರಿಯಿದೆ ಎಂದರ್ಥ. ಲಾಸ್ ಕೆಂಪಗೆ ಹೊಳೆದರೆ ಬೆಳಕು ಬರುತ್ತಿಲ್ಲ, ಬಹುಶಃ ಎಲ್ಲೋ ಫೈಬರ್ ತುಂಡಾಗಿದೆ. ಆದರೆ ಪಾನ್ ಹಸಿರಿದ್ದ ಮಾತ್ರಕ್ಕೆ ನೆಟ್ ಇದೆ ಅಂತಲ್ಲ. ಡಬ್ಬಿಯಿಂದ ಕಂಪನಿವರೆಗಿನ ದಾರಿ ಸರಿಯಿದ್ದು, ಅಲ್ಲಿಂದ ಮುಂದೆ ಬೆಂಗಳೂರಿನ ಕಡೆಗಿನ ದಾರಿ ಕಡಿದಿರಬಹುದು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಎರಡೂ ಒಂದೇ ಕಾರಣಕ್ಕೆ ಬೀಳಬಾರದು

ನಮ್ಮ ಜಿಲ್ಲೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಜಮೀನಿನಲ್ಲಿ ಇಪ್ಪತ್ತಡಿ ದೂರಕ್ಕೆ ಎರಡು ಬೋರ್ ಕೊರೆಸಿದರೆ ಎರಡೂ ಒಂದೇ ಬೇಸಿಗೆಯಲ್ಲಿ ಒಣಗುತ್ತವೆ. ಬೋರ್ ಎರಡಾದರೂ ಕೆಳಗಿನ ನೀರು ಒಂದೇ. ನೆಟ್ ಕೂಡ ಹಾಗೇ. ಎರಡು ಬೇರೆ ಬೇರೆ ಕಂಪನಿಯ ಬಿಲ್ ಕಟ್ಟುತ್ತಿರಬಹುದು. ಆದರೆ ಎರಡೂ ವೈರ್ ಒಂದೇ ಬೆಸ್ಕಾಂ ಕಂಬದ ಮೇಲೆ ಜೋತುಬಿದ್ದು ಬಂದಿದ್ದರೆ, ಆ ಕಂಬಕ್ಕೆ ಲಾರಿ ಗುದ್ದಿದ ದಿನ ಎರಡೂ ಒಟ್ಟಿಗೇ ಹೋಗುತ್ತವೆ.

ಲೆಕ್ಕ ನೋಡಿದರೆ ಇದು ಎಷ್ಟು ಮುಖ್ಯ ಅಂತ ಗೊತ್ತಾಗುತ್ತದೆ. ವರ್ಷಕ್ಕೆ 8,760 ಗಂಟೆ. ಒಂದು ಲೈನ್ ನೂರಕ್ಕೆ 99ರಷ್ಟು ಹೊತ್ತು ಸರಿಯಿರುತ್ತದೆ ಅಂದುಕೊಳ್ಳಿ. ಕೇಳಲು ಚೆನ್ನಾಗಿದೆ, ಆದರೆ ಉಳಿದ ಒಂದು ಭಾಗ ಅಂದರೆ 87 ಗಂಟೆಗಿಂತ ಜಾಸ್ತಿ! ಅಂಥದ್ದೇ ಇನ್ನೊಂದು ಲೈನ್ ಇದ್ದು, ಎರಡಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ, ಎರಡೂ ಒಟ್ಟಿಗೆ ಬಿದ್ದಿರುವ ಹೊತ್ತು ವರ್ಷಕ್ಕೆ ಸುಮಾರು 53 ನಿಮಿಷಕ್ಕೆ ಇಳಿಯುತ್ತದೆ. ಇಡೀ ಲೆಕ್ಕ ನಿಂತಿರುವುದು ‘ಸಂಬಂಧವೇ ಇಲ್ಲದಿದ್ದರೆ’ ಎಂಬ ಮಾತಿನ ಮೇಲೆ. ಕಂಬ ಒಂದೇ ಆದರೆ 53 ನಿಮಿಷದ ಮಾತು ಬಿಟ್ಟುಬಿಡಿ.

ಹಾಗಾಗಿ ಎರಡನೇ ಕನೆಕ್ಷನ್ ತಗೊಳ್ಳುವ ಮುಂಚೆ ಲೈನ್‌ಮನ್‌ನನ್ನು ನಿಲ್ಲಿಸಿಕೊಂಡು ಕೇಳಿ: ‘ನಿಮ್ಮ ವೈರ್ ಯಾವ ಕಡೆಯಿಂದ ಬರುತ್ತೆ, ಯಾವ ಜಂಕ್ಷನ್ ಡಬ್ಬಿಯಿಂದ ಎಳೀತೀರ, ನೆಟ್ ನಿಮ್ಮದೇನಾ, ಬೇರೆ ಕಂಪನಿಯಿಂದ ತಗೊಂಡು ಕೊಡ್ತೀರಾ?’ ಊರಿನ ಕೇಬಲ್ ಆಪರೇಟರ್ ಎಷ್ಟೋ ಸಲ ದೊಡ್ಡ ಕಂಪನಿಯ ನೆಟ್ಟನ್ನೇ ತಂದು ಹಂಚುತ್ತಾರೆ. ನಿಮ್ಮ ಮೊದಲ ಕನೆಕ್ಷನ್ ಕೂಡ ಅದೇ ದೊಡ್ಡ ಕಂಪನಿಯದಾಗಿದ್ದರೆ ನೀವು ಎರಡು ಸಲ ದುಡ್ಡು ಕೊಟ್ಟು ಒಂದೇ ನೆಟ್ ತಗೊಂಡಿದ್ದೀರಿ.

ಸಣ್ಣ ಅಂಗಡಿ, ಮಂಡಿ, ಮನೆಗೆ ನಾನು ಹೇಳುವ ಜೋಡಿ ಒಂದು ಫೈಬರ್, ಇನ್ನೊಂದು ಬೇರೆ ಕಂಪನಿಯ 4ಜಿ ಅಥವಾ 5ಜಿ ಸಿಮ್. ಒಂದು ವೈರ್‌ನಲ್ಲಿ ಬಂದರೆ ಇನ್ನೊಂದು ಗಾಳಿಯಲ್ಲಿ ಬರುತ್ತದೆ. ಇದೂ ನೂರಕ್ಕೆ ನೂರು ಗಟ್ಟಿಯಲ್ಲ. ಟವರ್‌ಗೂ ಎಷ್ಟೋ ಕಡೆ ನೆಲದಡಿಯ ಫೈಬರೇ ಆಧಾರ. ಆದರೂ ನಿಮ್ಮ ಬೀದಿಯ ಕಂಬಕ್ಕೂ ಟವರ್‌ಗೂ ಸಂಬಂಧ ಇರುವುದು ಕಡಿಮೆ.

ಇನ್ನು ಕರೆಂಟ್. ಎರಡು ಮೋಡೆಮ್, ಒಂದು ರೌಟರ್, ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಸಿಕ್ಕಿಸಿರುತ್ತೇವೆ. ಆ ಬೋರ್ಡ್‌ನ ಸ್ವಿಚ್ ಯಾರೋ ಕಸ ಗುಡಿಸುವಾಗ ಆರಿಸಿದರೆ ಮುಗಿಯಿತು. ಕರೆಂಟ್ ಹೋದರೂ ಅಷ್ಟೇ. ಈ ಡಬ್ಬಿಗಳಲ್ಲಿ ಹೆಚ್ಚಿನವು 12 ವೋಲ್ಟ್‌ನಲ್ಲಿ ಓಡುತ್ತವೆ. ಅದಕ್ಕೆಂದೇ ಅಂಗೈ ಅಗಲದ ಮಿನಿ ಯುಪಿಎಸ್ ಸಿಗುತ್ತದೆ. ಅಡಾಪ್ಟರ್ ಮೇಲಿನ ಚೀಟಿಯಲ್ಲಿ ಬರೆದಿರುವ ವೋಲ್ಟ್, ಆಂಪಿಯರ್ ನೋಡಿ ಅದಕ್ಕೆ ಹೊಂದುವುದನ್ನೇ ತರಬೇಕು. ನೆಟ್ ಬ್ಯಾಕಪ್ ಮಾಡುವವರು ಮೊದಲು ಖರ್ಚು ಮಾಡಬೇಕಾದ್ದು ಇದಕ್ಕೇ ಅಂತ ನನ್ನ ಅಭಿಪ್ರಾಯ.

ಬದಲಾಯಿಸುವುದು ಯಾರು?

ಕೈಯಲ್ಲೇ ಬದಲಾಯಿಸಬಹುದು. ಒಂದು ವೈಫೈ ಹೋದರೆ ಇನ್ನೊಂದಕ್ಕೆ ಸೇರಿಕೊಳ್ಳುವುದು. ಮನೆಯಲ್ಲಿ ಒಬ್ಬರಿಗೆ ಇದು ಸಾಕು. ಬಿಲ್ ಹಾಕುವ ಕಂಪ್ಯೂಟರ್, ಪ್ರಿಂಟರ್, ಸಿಸಿ ಕ್ಯಾಮೆರಾ, ಕಾರ್ಡ್ ಉಜ್ಜುವ ಯಂತ್ರ ಎಲ್ಲ ಇರುವ ಕಡೆ ಒಂದೊಂದನ್ನೇ ಬದಲಾಯಿಸುತ್ತಾ ಕೂತರೆ ವ್ಯಾಪಾರ ಕೆಟ್ಟಿತು.

ಎರಡನೇ ದಾರಿ, ಎರಡು ಹೊರಗಿನ ಲೈನ್ ತಗೊಳ್ಳುವ ಒಂದು ರೌಟರ್. ಅಂಗಡಿಯವರು ಇದನ್ನು ‘ಡ್ಯುಯಲ್ ವ್ಯಾನ್’ ಅಥವಾ ‘ಮಲ್ಟಿ ವ್ಯಾನ್’ ರೌಟರ್ ಅನ್ನುತ್ತಾರೆ. ವ್ಯಾನ್ ಎಂದರೆ ಹೊರಗಿನ ನೆಟ್, ಲ್ಯಾನ್ ಎಂದರೆ ನಿಮ್ಮ ಒಳಗಿನ ನೆಟ್. ಒಎನ್‌ಟಿಯಿಂದ ಒಂದು ವೈರ್, ಸಿಮ್ ಹಾಕಿದ 4ಜಿ ಡಬ್ಬಿಯಿಂದ ಒಂದು ವೈರ್ ಇದಕ್ಕೆ ಬರುತ್ತದೆ. ಕಂಪ್ಯೂಟರ್, ಪ್ರಿಂಟರ್ ಎಲ್ಲ ಈ ರೌಟರ್‌ಗೇ ಸೇರುತ್ತವೆ. ಹೊರಗೆ ಯಾವ ಲೈನ್ ಓಡುತ್ತಿದೆ ಅನ್ನುವುದು ಅವಕ್ಕೆ ಗೊತ್ತೇ ಆಗುವುದಿಲ್ಲ.

ಇಲ್ಲಿ ರೌಟರ್ ಎರಡು ಆಯ್ಕೆ ಕೇಳುತ್ತದೆ. ಒಂದು ‘ಫೇಲೋವರ್’: ಫೈಬರ್ ಇರುವವರೆಗೆ ಫೈಬರ್, ಅದು ಬಿದ್ದರೆ 4ಜಿ. ಇನ್ನೊಂದು ‘ಲೋಡ್ ಬ್ಯಾಲೆನ್ಸಿಂಗ್’: ಎರಡನ್ನೂ ಯಾವಾಗಲೂ ಬಳಸಿ ಭಾರ ಹಂಚುವುದು. ಎರಡನೆಯದು ಆಸೆ ಹುಟ್ಟಿಸುತ್ತದೆ, ದುಡ್ಡು ಕೊಟ್ಟಿದ್ದೇವೆ ಬಳಸೋಣ ಅಂತ. ಆದರೆ ಒಂದೇ ಕಂಪ್ಯೂಟರ್‌ನ ಕೋರಿಕೆ ಒಮ್ಮೆ ಒಂದು ವಿಳಾಸದಿಂದ, ಇನ್ನೊಮ್ಮೆ ಬೇರೆ ವಿಳಾಸದಿಂದ ಬಂದರೆ ಬ್ಯಾಂಕ್ ವೆಬ್‌ಸೈಟ್ ಅನುಮಾನಪಟ್ಟು ಲಾಗೌಟ್ ಮಾಡಬಹುದು. 4ಜಿ ಡೇಟಾ ಕೂಡ ದಿನಾ ಕರಗುತ್ತದೆ. ಸಣ್ಣ ಕಚೇರಿಗೆ ಫೇಲೋವರ್ ಸಾಕು, ಅದೇ ಒಳ್ಳೆಯದು.

ನೆಟ್ ಹೋಗಿದೆ ಅಂತ ರೌಟರ್‌ಗೆ ಗೊತ್ತಾಗುವುದು ಹೇಗೆ?

ಎರಡು ಕನೆಕ್ಷನ್ ಇದ್ದೂ ಕೆಲಸ ನಿಲ್ಲುವುದಕ್ಕೆ ಮುಖ್ಯ ಕಾರಣ ಇಲ್ಲಿದೆ.

ಏನೂ ಸೆಟ್ಟಿಂಗ್ ಮಾಡದಿದ್ದರೆ ಕೆಲವು ರೌಟರ್‌ಗಳು ನೋಡುವುದು ಒಂದನ್ನೇ: ನನ್ನ ಪೋರ್ಟ್‌ಗೆ ಸಿಕ್ಕಿಸಿದ ವೈರ್‌ನ ಆ ತುದಿಯಲ್ಲಿ ಏನಾದರೂ ಜೀವಂತ ಇದೆಯಾ? ಆ ತುದಿಯಲ್ಲಿರುವುದು ನಿಮ್ಮದೇ ಒಎನ್‌ಟಿ. ಹೊರಗೆ ಫೈಬರ್ ತುಂಡಾಗಿದ್ದರೂ ಒಎನ್‌ಟಿಗೆ ಕರೆಂಟ್ ಇದೆ, ಪೋರ್ಟ್‌ನ ದೀಪ ಉರಿಯುತ್ತಿದೆ. ರೌಟರ್ ‘ಎಲ್ಲ ಸರಿಯಿದೆ’ ಅಂದುಕೊಂಡು ಮಾಹಿತಿಯನ್ನೆಲ್ಲ ಆ ಸತ್ತ ಲೈನ್‌ಗೇ ಕಳಿಸುತ್ತಾ ಕೂರುತ್ತದೆ. ಪಕ್ಕದಲ್ಲೇ 4ಜಿ ಸುಮ್ಮನೆ ಇದೆ.

ಇದಕ್ಕೆ ಪರಿಹಾರ, ದೂರದ ಒಂದು ವಿಳಾಸಕ್ಕೆ ಆಗಾಗ ‘ಇದ್ದೀಯಾ?’ ಅಂತ ಕೇಳಿ ಉತ್ತರ ಬರುತ್ತದಾ ನೋಡುವುದು. ಇದೇ ಪಿಂಗ್. ರೌಟರ್‌ನಲ್ಲಿ ‘ಹೆಲ್ತ್ ಚೆಕ್’, ‘ಆನ್‌ಲೈನ್ ಡಿಟೆಕ್ಷನ್’ ಅಂತೆಲ್ಲ ಹೆಸರಿರುತ್ತದೆ. ಯಾರನ್ನು ಕೇಳಬೇಕು ಅನ್ನುವುದು ಮುಖ್ಯ. ಒಎನ್‌ಟಿಯನ್ನೇ ಕೇಳಿದರೆ ಪ್ರಯೋಜನ ಇಲ್ಲ, ಅದು ಯಾವಾಗಲೂ ಇದ್ದೇನೆ ಅನ್ನುತ್ತದೆ. ಕಂಪನಿಯ ಮೊದಲ ಮೆಟ್ಟಿಲನ್ನು ಕೇಳಿದರೂ ಸಾಲದು, ಅದರಾಚೆ ಕಡಿದಿರಬಹುದು. ಸಾಮಾನ್ಯವಾಗಿ ಗೂಗಲ್‌ನ 8.8.8.8, ಕ್ಲೌಡ್‌ಫ್ಲೇರ್‌ನ 1.1.1.1 ಇಂಥ ಸದಾ ಉತ್ತರ ಕೊಡುವ ವಿಳಾಸಗಳನ್ನು ಹಾಕುತ್ತಾರೆ. ಎರಡನ್ನೂ ಹಾಕಿ, ಎರಡೂ ಉತ್ತರ ಕೊಡದಿದ್ದಾಗ ಮಾತ್ರ ಲೈನ್ ಬಿದ್ದಿದೆ ಅಂತ ತೀರ್ಮಾನಿಸುವಂತೆ ಮಾಡಬೇಕು. ಒಂದೇ ವಿಳಾಸ ನಂಬಿದರೆ, ಆ ಕಡೆ ಏನೋ ತೊಂದರೆಯಾದಾಗ ನಿಮ್ಮ ಒಳ್ಳೆಯ ಲೈನನ್ನೂ ಕೆಟ್ಟದ್ದು ಅಂದುಬಿಡುತ್ತದೆ.

ಎಷ್ಟು ಬೇಗ ತೀರ್ಮಾನಿಸಬೇಕು? 5 ಸೆಕೆಂಡಿಗೊಮ್ಮೆ ಕೇಳಿ, ಸತತ 3 ಸಲ ಉತ್ತರ ಬರದಿದ್ದರೆ ಹೊರಳು ಅಂದರೆ 15 ಸೆಕೆಂಡಿನಲ್ಲಿ ಬದಲಾಗುತ್ತದೆ. ಮಂಡಿಗೆ, ಅಂಗಡಿಗೆ ಇದು ಚೆನ್ನಾಗಿ ಸಾಕು. ಒಂದೇ ಸಲ ಉತ್ತರ ತಪ್ಪಿದರೂ ಹೊರಳುವಂತೆ ಇಟ್ಟರೆ ಸಣ್ಣ ತಡವರಿಕೆಗೂ ಆ ಲೈನ್, ಈ ಲೈನ್ ಅಂತ ಓಡಾಡುತ್ತದೆ. ವಾಪಸ್ ಫೈಬರ್‌ಗೆ ಬರುವಾಗ ಇನ್ನೂ ನಿಧಾನ ಇರಲಿ. ತುಂಡಾದ ಕೇಬಲ್ ಜೋಡಿಸುವಾಗ ಲೈನ್ ಬಂದು ಹೋಗಿ ಮಾಡುತ್ತದಲ್ವಾ? ಒಂದೆರಡು ನಿಮಿಷ ನಿಂತ ಮೇಲೆಯೇ ವಾಪಸ್ ಬರಲಿ.

ಇನ್ನೊಂದು ಸೂಕ್ಷ್ಮ ಇದೆ, ಸೆಟ್ಟಿಂಗ್ ಮಾಡುವವರೂ ಇದನ್ನು ಮರೆಯುತ್ತಾರೆ. ಫೈಬರ್ ಬಗ್ಗೆ ಕೇಳುವ ಪಿಂಗ್ ಫೈಬರ್ ಮೂಲಕವೇ ಹೋಗಬೇಕು. ಇಲ್ಲದಿದ್ದರೆ ಹೀಗಾಗುತ್ತದೆ: ಫೈಬರ್ ಬಿತ್ತು, ರೌಟರ್ 4ಜಿಗೆ ಹೊರಳಿತು, ಈಗ ಪಿಂಗ್ ಕೂಡ 4ಜಿಯಲ್ಲೇ ಹೋಗಿ ಉತ್ತರ ತಂದಿತು. ರೌಟರ್ ಅದನ್ನು ಕಂಡು ಫೈಬರ್ ಬಂತು ಅಂದುಕೊಂಡು ವಾಪಸ್ ಹೊರಳಿತು. ಅಲ್ಲಿ ನೆಟ್ ಇಲ್ಲ, ಮತ್ತೆ 4ಜಿ. ಹೀಗೆ ದಿನವಿಡೀ. ಡ್ಯುಯಲ್ ವ್ಯಾನ್ ಅಂತಲೇ ಮಾಡಿದ ರೌಟರ್‌ಗಳು ಸಾಮಾನ್ಯವಾಗಿ ಇದನ್ನು ತಾವೇ ನೋಡಿಕೊಳ್ಳುತ್ತವೆ. ಮೈಕ್ರೋಟಿಕ್ ಕಂಪನಿಯ ರೌಟರ್‌ನಂಥವುಗಳಲ್ಲಿ ದಾರಿಗಳನ್ನು ನಾವೇ ಬರೆಯುವಾಗ ಪಿಂಗ್ ವಿಳಾಸವನ್ನು ಫೈಬರ್‌ಗೆ ಕಟ್ಟಿಹಾಕಬೇಕು. ಹಾಗೆ ಕಟ್ಟಿದ ವಿಳಾಸವನ್ನು ಡಿಎನ್‌ಎಸ್ ಆಗಿ ಬಳಸಬಾರದು. ಡಿಎನ್‌ಎಸ್ ಎಂದರೆ ವೆಬ್‌ಸೈಟ್ ಹೆಸರನ್ನು ಅಂಕಿಯ ವಿಳಾಸವಾಗಿ ಹೇಳಿಕೊಡುವ ಸೇವೆ. 8.8.8.8ಅನ್ನು ಫೈಬರ್‌ಗೆ ಕಟ್ಟಿ, ಡಿಎನ್‌ಎಸ್‌ಗೂ ಅದನ್ನೇ ಕೊಟ್ಟರೆ, ಫೈಬರ್ ಬಿದ್ದಾಗ 4ಜಿ ಇದ್ದರೂ ಯಾವ ಹೆಸರೂ ತೆರೆಯುವುದಿಲ್ಲ.

ರೌಟರೇ ಕೆಟ್ಟರೆ?

ಒಂದು ರೌಟರ್‌ಗೆ ಎರಡು ಲೈನ್ ಕೊಟ್ಟಾಯಿತು. ಆ ರೌಟರೇ ಸಿಡಿಲಿಗೆ ಸುಟ್ಟರೆ? ಆಸ್ಪತ್ರೆ, ದೊಡ್ಡ ಕಚೇರಿ, ಕಾರ್ಖಾನೆಗಳಲ್ಲಿ ಇದಕ್ಕಾಗಿ ಎರಡು ರೌಟರ್‌ಗಳನ್ನೇ ಜೋಡಿ ಮಾಡುತ್ತಾರೆ. ಇವು ಒಂದಕ್ಕೊಂದು ಮಾತಾಡಿಕೊಳ್ಳಲು ವಿಆರ್‌ಆರ್‌ಪಿ ಎಂಬ ನಿಯಮ ಇದೆ, 1998ರಿಂದ ಬಳಕೆಯಲ್ಲಿದೆ. ಸಿಸ್ಕೊ ಕಂಪನಿಯ ಎಚ್‌ಎಸ್‌ಆರ್‌ಪಿ ಕೂಡ ಇದೇ ಬಗೆಯದು.

ಕೆಲಸ ಮಾಡುವ ರೀತಿ ಸರಳ. ಮೊದಲ ರೌಟರ್‌ನ ವಿಳಾಸ 192.168.1.2, ಎರಡನೆಯದರದ್ದು 192.168.1.3. ಇವೆರಡರ ಜೊತೆಗೆ ಯಾವ ಡಬ್ಬಿಗೂ ಸ್ವಂತವಲ್ಲದ 192.168.1.1 ಎಂಬ ವಿಳಾಸ. ಕಚೇರಿಯ ಎಲ್ಲ ಕಂಪ್ಯೂಟರ್‌ಗೂ ‘ಹೊರಗೆ ಹೋಗಲು 1.1ರ ಹತ್ತಿರ ಹೋಗು’ ಅಂತಲೇ ಹೇಳಿರುತ್ತೇವೆ. ಮುಖ್ಯ ರೌಟರ್ ಆ ವಿಳಾಸವನ್ನು ಇಟ್ಟುಕೊಂಡು, ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಅನ್ನುತ್ತಿರುತ್ತದೆ. ಮೂರು ಸೆಕೆಂಡಿಗಿಂತ ತುಸು ಜಾಸ್ತಿ ಹೊತ್ತು ಆ ದನಿ ಕೇಳದಿದ್ದರೆ ಎರಡನೆಯದು 1.1ಅನ್ನು ತಾನೇ ಎತ್ತಿಕೊಳ್ಳುತ್ತದೆ. ಕಂಪ್ಯೂಟರ್‌ನಲ್ಲಿ ಯಾರೂ ಏನೂ ಬದಲಾಯಿಸಬೇಕಿಲ್ಲ.

ಯಾರು ಮುಖ್ಯ ಅನ್ನುವುದನ್ನು ‘ಪ್ರಯಾರಿಟಿ’ ಅಂಕಿ ಹೇಳುತ್ತದೆ. ಏನೂ ಹಾಕದಿದ್ದರೆ ಅದು 100. ಮೊದಲನೆಯದಕ್ಕೆ 150 ಕೊಟ್ಟು ಎರಡನೆಯದನ್ನು 100ರಲ್ಲೇ ಬಿಟ್ಟರೆ ಆಯಿತು. ಇಲ್ಲೂ ಹಿಂದಿನ ತೊಂದರೆ ಬರುತ್ತದೆ. ಮೊದಲ ರೌಟರ್ ಚೆನ್ನಾಗಿದೆ, ಅದರ ಫೈಬರ್ ಮಾತ್ರ ಬಿದ್ದಿದೆ. ‘ನಾನಿದ್ದೇನೆ’ ಅನ್ನುತ್ತಲೇ ಇದೆ, ನೆಟ್ ಮಾತ್ರ ಇಲ್ಲ. ಹಾಗಾಗಿ ಹೆಲ್ತ್ ಚೆಕ್‌ಗೆ ಇದನ್ನು ಜೋಡಿಸಿ, ನೆಟ್ ಹೋದಾಗ ಪ್ರಯಾರಿಟಿ 60 ಇಳಿಯುವಂತೆ ಮಾಡುತ್ತಾರೆ. 150 ಹೋಗಿ 90 ಆಗುತ್ತದೆ, 100 ಇರುವ ಎರಡನೆಯದು ಮುಂದೆ ಬರುತ್ತದೆ. 40 ಇಳಿಸಿದರೆ 110 ಉಳಿಯುತ್ತದೆ, ಆಗ ಏನೂ ಬದಲಾಗುವುದಿಲ್ಲ.

ಕಂಪನಿ ಕೊಡುವ ಮಾಮೂಲಿ ಮೋಡೆಮ್‌ಗಳಲ್ಲಿ ಈ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ಎರಡೂ ರೌಟರ್ ಹಲವು ಡಬ್ಬಿಗಳ ವೈರ್ ಸೇರಿಸುವ ಒಂದೇ ನೆಟ್‌ವರ್ಕ್ ಸ್ವಿಚ್‌ಗೆ ಸೇರಿದ್ದರೆ ಆ ಸ್ವಿಚ್ ಕೆಟ್ಟಾಗಲೂ ಎಲ್ಲ ನಿಲ್ಲುತ್ತದೆ ಅನ್ನುವುದೂ ಗೊತ್ತಿರಲಿ.

ಜೋಡಿಸುವಾಗ ಎಡವುವ ಜಾಗಗಳು

ಎರಡೂ ಮೋಡೆಮ್ ಒಳಗಿನ ವಿಳಾಸ 192.168.1.1 ಅಂತಲೇ ಇಟ್ಟುಕೊಂಡು ಬರುವುದು ಸಾಮಾನ್ಯ. ಎರಡನ್ನೂ ಒಂದು ರೌಟರ್‌ಗೆ ಸಿಕ್ಕಿಸಿದರೆ ಅದಕ್ಕೆ ಗೊಂದಲ. ಫೈಬರ್ ಡಬ್ಬಿ 192.168.1.1, 4ಜಿ ಡಬ್ಬಿ 192.168.8.1, ನಿಮ್ಮ ರೌಟರ್‌ನ ಒಳಗಿನ ನೆಟ್ 192.168.50.1, ಹೀಗೆ ಮೂರನ್ನೂ ಬೇರೆ ಮಾಡಿ. ಸಾಧ್ಯವಾದರೆ ಒಎನ್‌ಟಿಯನ್ನು ‘ಬ್ರಿಡ್ಜ್ ಮೋಡ್’ಗೆ ಹಾಕಿಸಿ, ಆಗ ಅದು ಬೆಳಕನ್ನು ಸಿಗ್ನಲ್ ಮಾಡುವ ಕೆಲಸ ಮಾತ್ರ ಮಾಡುತ್ತದೆ. ಹಳೇ ಮೋಡೆಮ್‌ಗಳ ವೈಫೈ ಆರಿಸಿಬಿಡಿ. ಇಲ್ಲದಿದ್ದರೆ ಯಾರದೋ ಫೋನ್, ಪ್ರಿಂಟರ್ ಹಳೇ ವೈಫೈಗೇ ಅಂಟಿಕೊಂಡು, ಬದಲಾವಣೆಯ ಲಾಭ ಸಿಗದೆ ಉಳಿಯುತ್ತದೆ.

ಡಿಎನ್‌ಎಸ್‌ಗೆ ಮೊದಲ ಕಂಪನಿಯ ವಿಳಾಸವನ್ನೇ ಬಿಡಬೇಡಿ. ಕೆಲವು ಕಂಪನಿಗಳ ಡಿಎನ್‌ಎಸ್ ಅವರ ಲೈನ್‌ನಿಂದ ಬಂದವರಿಗೆ ಮಾತ್ರ ಉತ್ತರ ಕೊಡುತ್ತದೆ.

ಹೊರಳಿದಾಗ ಏನು ಕಡಿಯುತ್ತದೆ?

ಲೈನ್ ಬದಲಾದಾಗ ಹೊರಗಿನ ಲೋಕಕ್ಕೆ ನಿಮ್ಮ ವಿಳಾಸವೇ ಬದಲಾಗುತ್ತದೆ. ಆ ಕ್ಷಣ ನಡೆಯುತ್ತಿದ್ದ ವಿಡಿಯೋ ಕರೆ ನಿಂತು ಮತ್ತೆ ಸೇರಿಕೊಳ್ಳಬಹುದು, ಬ್ಯಾಂಕ್ ಪುಟ ಮತ್ತೆ ಲಾಗಿನ್ ಕೇಳಬಹುದು. ಹಣ ಕಳಿಸುವಾಗಲೇ ಹೀಗಾದರೆ ತಕ್ಷಣ ಇನ್ನೊಂದು ಸಲ ಕಳಿಸಬೇಡಿ. ಮೊದಲನೆಯದು ಹೋಗಿದೆಯಾ ಅಂತ ಖಾತೆಯಲ್ಲಿ ನೋಡಿ. ಇಲ್ಲದಿದ್ದರೆ ಒಬ್ಬ ರೈತರಿಗೆ ಎರಡು ಸಲ ಹೋಗುತ್ತದೆ.

ಸಿಸಿ ಕ್ಯಾಮೆರಾವನ್ನು ಮನೆಯಿಂದ ನೋಡುವವರಿಗೆ ಇನ್ನೊಂದು ವಿಷಯ. ಮೊಬೈಲ್ ಕಂಪನಿಗಳು ಸಾಮಾನ್ಯವಾಗಿ ಒಂದೇ ಹೊರ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುತ್ತವೆ. 4ಜಿ ಡಬ್ಬಿಯ ಪುಟದಲ್ಲಿ ವ್ಯಾನ್ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವೂ ಹಾಗೆ ಹಂಚಿಕೊಂಡವರೇ. ಆಗ ‘ಪೋರ್ಟ್ ಫಾರ್ವರ್ಡಿಂಗ್’ ಮಾಡಿ ಹೊರಗಿನಿಂದ ಒಳಗೆ ಬರುವ ದಾರಿ 4ಜಿಯಲ್ಲಿ ನಡೆಯುವುದಿಲ್ಲ. ಕ್ಯಾಮೆರಾ ಕಂಪನಿಯ ಆ್ಯಪ್ ಮೂಲಕ ನೋಡುವುದಾದರೆ ತೊಂದರೆ ಇಲ್ಲ.

ಡೇಟಾ ಪ್ಯಾಕ್ ಕೂಡ ಯೋಚಿಸಿ. 4ಜಿಗೆ ಹೊರಳಿದ್ದು ಯಾರಿಗೂ ತಿಳಿಯದಿದ್ದರೆ ಕಂಪ್ಯೂಟರ್ ಅಪ್‌ಡೇಟ್, ಕ್ಯಾಮೆರಾ ವಿಡಿಯೋ ಎಲ್ಲ ಸೇರಿ ದಿನದ ಡೇಟಾ ಮುಗಿಸಿಬಿಡುತ್ತವೆ. ಬ್ಯಾಕಪ್ ಲೈನ್‌ನಲ್ಲಿ ಬಿಲ್ ಕಂಪ್ಯೂಟರ್, ಕಾರ್ಡ್ ಯಂತ್ರಕ್ಕೆ ಮಾತ್ರ ಅವಕಾಶ ಕೊಡುವ ನಿಯಮ ಹಾಕಬಹುದು. ಹೊರಳಿದಾಗ ಮಾಲೀಕರಿಗೆ ಮೆಸೇಜ್ ಬರುವಂತೆಯೂ ಮಾಡಬಹುದು. ಸಿಮ್‌ನ ವ್ಯಾಲಿಡಿಟಿ ತೀರುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಿ. ತಿಂಗಳುಗಟ್ಟಲೆ ಬಳಸದ ಸಿಮ್‌ಗೆ ರೀಚಾರ್ಜ್ ಮಾಡಲು ಯಾರಿಗೂ ನೆನಪಾಗುವುದಿಲ್ಲ.

ಪರೀಕ್ಷೆ ಮಾಡುವುದು ಹೇಗೆ?

ಜೋಡಿಸಿದವರು ಹೊರಡುವ ಮುಂಚೆ ಅವರ ಎದುರಲ್ಲೇ ಪರೀಕ್ಷೆ ಆಗಬೇಕು. ಒಎನ್‌ಟಿಯ ಪವರ್ ಆರಿಸಿ ತೋರಿಸಿದರೆ, ಅಥವಾ ಒಎನ್‌ಟಿಗೂ ರೌಟರ್‌ಗೂ ನಡುವಿನ ವೈರ್ ಕಿತ್ತು ತೋರಿಸಿದರೆ ಒಪ್ಪಬೇಡಿ. ಅದು ಸುಲಭದ ಪರೀಕ್ಷೆ, ಪೋರ್ಟ್‌ನ ದೀಪ ಆರಿದ್ದು ಯಾವ ರೌಟರ್‌ಗಾದರೂ ಗೊತ್ತಾಗುತ್ತದೆ.

ಒಎನ್‌ಟಿಗೆ ಬರುವ ಫೈಬರ್‌ನ ತುದಿಯಲ್ಲಿ ಸಾಮಾನ್ಯವಾಗಿ ಹಸಿರು ಬಣ್ಣದ ಚಿಕ್ಕ ಚೌಕ ಕನೆಕ್ಟರ್ ಇರುತ್ತದೆ. ಅದನ್ನು ಹಿಡಿದು ನೇರವಾಗಿ ಎಳೆಯಿರಿ, ವೈರ್ ಹಿಡಿದು ಎಳೆಯಬಾರದು. ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ, ಬೆರಳಿಂದ ಮುಟ್ಟಬೇಡಿ. ಅದರಲ್ಲಿ ಬರುವ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಇರುತ್ತದೆ. ಧೂಳು ಹಿಡಿದರೆ ಸಿಗ್ನಲ್ ಕೂಡ ಕಡಿಮೆಯಾಗುತ್ತದೆ. ಎಳೆದ ಕೂಡಲೇ ಲಾಸ್ ದೀಪ ಕೆಂಪಾಗುತ್ತದೆ. ಒಎನ್‌ಟಿ ಮಾತ್ರ ಓಡುತ್ತಲೇ ಇರುತ್ತದೆ, ರೌಟರ್ ಕಡೆಯ ದೀಪವೂ ಉರಿಯುತ್ತಿರುತ್ತದೆ. ಕೇಬಲ್ ತುಂಡಾದ ದಿನ ಆಗುವುದೂ ಹೀಗೇ. ಈಗ ಗಡಿಯಾರ ನೋಡಿ. 15 ಸೆಕೆಂಡ್ ಅಂತ ಇಟ್ಟಿದ್ದರೆ ಅಷ್ಟು ಹೊತ್ತಿಗೆ, ಹೆಚ್ಚೆಂದರೆ ಅರ್ಧ ನಿಮಿಷದೊಳಗೆ ನೆಟ್ ಬರಬೇಕು. ಒಂದು ಬಿಲ್ ಹಾಕಿ, ಒಂದು ರೂಪಾಯಿ ಕಳಿಸಿ, ಕಾರ್ಡ್ ಯಂತ್ರ ನೋಡಿ. ಆಮೇಲೆ ಕನೆಕ್ಟರ್ ‘ಕಟ್’ ಅಂತ ಸದ್ದು ಮಾಡುವವರೆಗೆ ಒತ್ತಿ, ಪಾನ್ ಹಸಿರಾಗುವವರೆಗೆ ಕಾಯಿರಿ. ಒಂದೆರಡು ನಿಮಿಷದಲ್ಲಿ ರೌಟರ್ ತಾನಾಗಿ ಫೈಬರ್‌ಗೆ ಮರಳಿದೆಯಾ ಅಂತ ಅದರ ಪುಟದಲ್ಲಿ ನೋಡಿ.

ತಿಂಗಳಿಗೊಮ್ಮೆ, ಯಾರ್ಡ್ ಖಾಲಿ ಇರುವ ಹೊತ್ತಿನಲ್ಲಿ ಇದನ್ನೇ ಮತ್ತೆ ಮಾಡಿ. ಸಿಮ್ ರೀಚಾರ್ಜ್ ಮುಗಿದಿದೆಯಾ, ಮಿನಿ ಯುಪಿಎಸ್ ಬ್ಯಾಟರಿ ಸೋತಿದೆಯಾ ಅನ್ನುವುದು ಆಗಲೇ ತಿಳಿಯುತ್ತದೆ. ಯುಪಿಎಸ್ ಪರೀಕ್ಷೆಗೆ ಗೋಡೆಯ ಸ್ವಿಚ್ ಆರಿಸಿ, ಡಬ್ಬಿಗಳು ಎಷ್ಟು ಹೊತ್ತು ಓಡುತ್ತವೆ ಅಂತ ನೋಡಿ, ಆ ನಿಮಿಷಗಳನ್ನು ಯುಪಿಎಸ್ ಮೇಲೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಮುಂದಿನ ತಿಂಗಳು ಆ ಅಂಕಿ ಅರ್ಧಕ್ಕೆ ಇಳಿದಿದ್ದರೆ ಬ್ಯಾಟರಿ ಬದಲಾಯಿಸುವ ಹೊತ್ತು ಬಂದಿದೆ.